ಕೌಸ್‌ನಲ್ಲಿ ಮನೆ ಹಿಡಿಯುವ ಮುನ್ನ: ಯಾವ ದಡ, ಯಾವ ಫೆರಿ, ಯಾವ ವಾರ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಹತ್ತಿರದ ಐಲ್ ಆಫ್ ವೈಟ್ ದ್ವೀಪದ ಕೌಸ್ ಹಾಯಿದೋಣಿಗಳ ಊರು. ಅಲ್ಲಿ ಒಂದು ವಾರಕ್ಕೆ ಮನೆ ಬಾಡಿಗೆಗೆ ಹಿಡಿದು, ಅಡುಗೆ ತಾವೇ ಮಾಡಿಕೊಂಡು ಇರೋಣ ಅಂತ ಹೊರಡುವವರು ಮೊದಲು ಫೋಟೊ ನೋಡಿ ಮನೆ ಗೊತ್ತು ಮಾಡುತ್ತಾರೆ, ಆಮೇಲೆ ಫೆರಿ ಹುಡುಕುತ್ತಾರೆ. ಈ ಊರಿನ ಮಟ್ಟಿಗೆ ಇದು ಹಿಂದುಮುಂದಾದ ಲೆಕ್ಕ. ಕಾರು ತರುತ್ತೀರಾ ಇಲ್ಲವಾ ಅನ್ನುವುದು ಮೊದಲು ತೀರ್ಮಾನವಾಗಬೇಕು. ಅದರಿಂದ ಫೆರಿ, ಫೆರಿಯಿಂದ ನದಿಯ ದಡ, ದಡ ಗೊತ್ತಾದ ಮೇಲೆ ಮನೆ. ಈ ಸಾಲು ತಪ್ಪಿದರೆ ಎಷ್ಟೇ ಚೆಂದದ ಮನೆ ಸಿಕ್ಕಿದರೂ ವಾರವೆಲ್ಲ ಓಡಾಟದಲ್ಲೇ ಕಳೆಯುತ್ತದೆ.

ಕಾರಣ ಊರಿನ ಭೂಗೋಳದಲ್ಲೇ ಇದೆ. ಮೆಡೀನಾ ನದಿ ಸೋಲೆಂಟ್ ಜಲಸಂಧಿಗೆ ಸೇರುವ ಕಡೆ ಊರು ಎರಡು ಹೋಳಾಗಿದೆ. ಪಶ್ಚಿಮದ ದಡದ್ದು ಕೌಸ್, ವೆಸ್ಟ್ ಕೌಸ್ ಅಂತಲೂ ಕರೆಯುತ್ತಾರೆ. ಎದುರು ದಡದ್ದು ಈಸ್ಟ್ ಕೌಸ್. ನಡುವೆ ಸೇತುವೆ ಇಲ್ಲ. ರಸ್ತೆಯಲ್ಲಿ ನದಿ ದಾಟಬೇಕೆಂದರೆ ಐದು ಮೈಲಿ ಒಳಗಿರುವ ನ್ಯೂಪೋರ್ಟ್‌ವರೆಗೆ ಹೋಗಿ, ಮತ್ತೆ ಅಷ್ಟೇ ದೂರ ಆ ಕಡೆಯ ದಡದಲ್ಲಿ ವಾಪಸ್ ಬರಬೇಕು. ಸೌತಾಂಪ್ಟನ್‌ನಿಂದ ಬರುವ ರೆಡ್ ಫನಲ್ ಕಾರು ಫೆರಿ ನಿಲ್ಲುವುದು ಈಸ್ಟ್ ಕೌಸ್‌ನಲ್ಲಿ. ಅದೇ ಕಂಪನಿಯ ಜನ ಮಾತ್ರ ಹತ್ತುವ ವೇಗದ ದೋಣಿ ರೆಡ್ ಜೆಟ್ ಬಂದು ತಾಗುವುದು ವೆಸ್ಟ್ ಕೌಸ್‌ನಲ್ಲಿ.

ಎರಡು ದಡಗಳ ನಡುವೆ ಓಡುವುದು ಫ್ಲೋಟಿಂಗ್ ಬ್ರಿಜ್. ಹೆಸರಿಗೆ ಬ್ರಿಜ್, ನಿಜಕ್ಕೆ ಸರಪಳಿ ಹಿಡಿದು ಸಾಗುವ ಚಪ್ಪಟೆ ದೋಣಿ. ಕಾರು, ಸೈಕಲ್, ಜನ ಎಲ್ಲರನ್ನೂ ಕೆಲವೇ ನಿಮಿಷಗಳಲ್ಲಿ ದಾಟಿಸುತ್ತದೆ. ಈಗ ಓಡುತ್ತಿರುವುದರ ಹೆಸರು ಫ್ಲೋಟಿಂಗ್ ಬ್ರಿಜ್ ನಂ. 6, 2017ರಲ್ಲಿ ಬಂತು. ಬಂದ ದಿನದಿಂದಲೂ ಕೆಟ್ಟು ನಿಲ್ಲುವುದಕ್ಕೇ ಹೆಸರಾಗಿದೆ. ಇಳಿತದ ನೀರು ತೀರಾ ತಗ್ಗಿದಾಗ, ಸೆಳೆತ ಜೋರಿದ್ದಾಗ, ದುರಸ್ತಿಗೆಂದು ಎಳೆದಾಗ ಅದು ಇರುವುದಿಲ್ಲ. ದೀರ್ಘ ದುರಸ್ತಿಯ ಹೊತ್ತಿನಲ್ಲಿ ನಡೆದು ಬಂದವರಿಗೆ ಸಣ್ಣ ಲಾಂಚ್ ಬಿಡುತ್ತಾರೆ. ಕಾರಿನವರಿಗೆ ನ್ಯೂಪೋರ್ಟ್ ಸುತ್ತು ತಪ್ಪಿದ್ದಲ್ಲ, ಅಲ್ಲಿನ ಕಾಪಿನ್ಸ್ ಬ್ರಿಜ್ ವೃತ್ತದಲ್ಲಿ ಬೇಸಿಗೆಯ ಸಂಜೆ ಸಾಲುಗಟ್ಟಿ ನಿಲ್ಲುವುದೂ ತಪ್ಪಿದ್ದಲ್ಲ. ಆದ್ದರಿಂದ ಮನೆಯ ವಿವರದಲ್ಲಿ "ಫ್ಲೋಟಿಂಗ್ ಬ್ರಿಜ್‌ನಿಂದ ಐದೇ ನಿಮಿಷ" ಅಂತ ಬರೆದಿದ್ದರೆ ಅದನ್ನು ಅನುಕೂಲ ಅಂತ ಓದಿಕೊಳ್ಳಿ, ಆಧಾರ ಅಂತ ಅಲ್ಲ. ದಿನಾ ಎರಡು ಸಲ ಕಾರು ದಾಟಿಸುವ ಯೋಜನೆ ಹಾಕಿಕೊಳ್ಳಲೇಬೇಡಿ.

ವೆಸ್ಟ್ ಕೌಸ್, ಈಸ್ಟ್ ಕೌಸ್, ಗರ್ನರ್ಡ್

ದೋಣಿ ನೋಡಲಿಕ್ಕೆ, ದೋಣಿ ಹತ್ತಲಿಕ್ಕೆ ಬರುವವರಿಗೆ ವೆಸ್ಟ್ ಕೌಸ್ ಬಿಟ್ಟು ಬೇರೆ ಯೋಚನೆ ಬೇಡ. ದೋಣಿ ಕಟ್ಟಿ ನಿಲ್ಲಿಸುವ ಮರೀನಾಗಳು, ಹಾಯಿ ಹೊಲಿಯುವವರು, ಹಗ್ಗ ಬೋಲ್ಟುಗಳ ಅಂಗಡಿ, ನೌಕಾ ತರಬೇತಿ ಕೊಡುವ ಯುಕೆಎಸ್ಎ, ಕಿರಿದಾದ ಹೈ ಸ್ಟ್ರೀಟ್, ಎಲ್ಲ ಒಂದೇ ದಡದಲ್ಲಿ ಕಾಲ್ನಡಿಗೆಯ ದೂರದಲ್ಲಿವೆ. 1815ರಲ್ಲಿ ಹುಟ್ಟಿದ ಹಾಯಿದೋಣಿ ಕ್ಲಬ್ ರಾಯಲ್ ಯಾಟ್ ಸ್ಕ್ವಾಡ್ರನ್ ಇರುವ ಕೋಟೆಯೂ ಇಲ್ಲೇ. ಅದರ ಮುಂದಿನ ಸಾಲು ಹಿತ್ತಾಳೆ ತೋಪುಗಳಿಂದಲೇ ರೇಸ್ ಬಿಡುತ್ತಾರೆ. ಕೋಟೆಯ ಹತ್ತಿರ ಮನೆ ಹಿಡಿದರೆ ರೇಸಿನ ದಿನ ಬೆಳಿಗ್ಗೆ ಅಲಾರಂ ಇಡುವ ಅಗತ್ಯ ಬೀಳುವುದಿಲ್ಲ.

ಇಲ್ಲಿ ಮನೆಗಳದ್ದು ಎರಡು ಜಾತಿ. ಒಂದು, ಹೈ ಸ್ಟ್ರೀಟ್‌ಗೂ ನೀರಿಗೂ ನಡುವಿನ ಫ್ಲ್ಯಾಟ್. ಇನ್ನೊಂದು, ಸನ್ ಹಿಲ್, ಮಾರ್ಕೆಟ್ ಹಿಲ್ ಕಡೆಯಿಂದ ಮೇಲಕ್ಕೆ ಹತ್ತುವ ಬೀದಿಗಳ ಹಳೆಯ ಮನೆ. ಕೆಳಗಿನ ಫ್ಲ್ಯಾಟಿನಲ್ಲಿ ಎಲ್ಲವೂ ಕೈಗೆ ಸಿಗುತ್ತದೆ, ಸದ್ದೂ ಸಿಗುತ್ತದೆ. ಗಾಳಿ ಎದ್ದ ರಾತ್ರಿ ಮರೀನಾದಲ್ಲಿ ಸರಿಯಾಗಿ ಬಿಗಿಯದ ಹಗ್ಗಗಳು ಅಲ್ಯೂಮಿನಿಯಂ ಹಾಯಿಕಂಬಕ್ಕೆ ಬಡಿಯುತ್ತಲೇ ಇರುತ್ತವೆ. ಟಣ್ ಟಣ್ ಟಣ್ ಅಂತ ಒಂದೇ ಲಯ, ಬೆಳಗಿನವರೆಗೆ. ಒಂದು ಕಂಬದ್ದಾದರೆ ತಡೆದುಕೊಳ್ಳಬಹುದು, ನೂರು ಕಂಬಗಳದ್ದು ಕಷ್ಟ. ಸೂಕ್ಷ್ಮ ನಿದ್ದೆಯವರು ಮಲಗುವ ಕೋಣೆ ಬೀದಿಯ ಕಡೆಗೋ ಮರೀನಾ ಕಡೆಗೋ ಅಂತ ಕೇಳಿಕೊಳ್ಳಬೇಕು. ಮೇಲಿನ ಮನೆಗಳಲ್ಲಿ ಸದ್ದಿಲ್ಲ, ಸಮುದ್ರ ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ತರಕಾರಿ ಚೀಲ ಹೊತ್ತು ಏರು ಹತ್ತುವುದು ದಿನನಿತ್ಯದ ಕೆಲಸ. ಮಂಡಿ ನೋವಿನವರು, ತಳ್ಳುಗಾಡಿಯ ಮಗು ಇರುವವರು ನಕ್ಷೆಯಲ್ಲಿ ದೂರ ನೋಡಿದರೆ ಸಾಲದು, ಏರು ಎಷ್ಟಿದೆ ಅಂತಲೂ ನೋಡಿ.

"ಸೀ ವ್ಯೂ" ಅಂದಾಗ ಗಮನಿಸಬೇಕಾದ ಒಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ. ಕೌಸ್‌ನ ಸಮುದ್ರದಂಡೆ ಉತ್ತರಕ್ಕೆ ಮುಖ ಮಾಡಿದೆ. ಬೇಸಿಗೆಯಲ್ಲಿ ಇದು ದೊಡ್ಡ ವಿಷಯವಲ್ಲ, ಆದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸಮುದ್ರ ಕಾಣುವ ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ. ಚಳಿಗಾಲದ ರಜೆಗೆ ಬಾಲ್ಕನಿಗೆಂದು ಹೆಚ್ಚು ದುಡ್ಡು ಕೊಡುವುದು ದಂಡ.

ಈಸ್ಟ್ ಕೌಸ್ ಸಾದಾ ಊರು. ಹೊಸ ಮನೆಗಳು, ಅಗಲ ರಸ್ತೆ, ಕಾರಿಗೆ ಜಾಗ, ಫೆರಿಯಿಂದ ಇಳಿದ ಕೂಡಲೇ ಸಿಗುವ ವೇಟ್‌ರೋಸ್ ಸೂಪರ್ ಮಾರ್ಕೆಟ್, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ವಿಕ್ಟೋರಿಯಾ ರಾಣಿ ಬೇಸಿಗೆ ಕಳೆಯುತ್ತಿದ್ದ, 1901ರಲ್ಲಿ ತೀರಿಕೊಂಡ ಆಸ್‌ಬೋರ್ನ್ ಹೌಸ್ ಈ ದಡದಲ್ಲಿದೆ. ಅದನ್ನೂ ಅದರ ಖಾಸಗಿ ಕಡಲತೀರವನ್ನೂ ಸಾವಧಾನವಾಗಿ ನೋಡಲು ಇಡೀ ದಿನ ಬೇಕು. ನದಿಗೆ ಮುಖ ಮಾಡಿದ ಮನೆಯಾದರೆ ಸಂಜೆ ಬಿಸಿಲು ನೇರ ಒಳಗೆ ಬರುತ್ತದೆ, ವೆಸ್ಟ್ ಕೌಸ್‌ನ ಹಳೆಯ ಮನೆಗಳ ಸಾಲು ಎದುರಿಗೆ ಕಾಣುತ್ತದೆ. (ಆ ದಡದಲ್ಲಿ ನದಿಗೆ ಮುಖ ಮಾಡಿ ಕೂತವರಿಗೆ ಕಾಣುವುದು ಈಸ್ಟ್ ಕೌಸ್‌ನ ಕೊಲಂಬೈನ್ ಶೆಡ್ಡಿನ ಬಾಗಿಲ ಮೇಲೆ 1977ರಲ್ಲಿ ಬಳಿದ ಭಾರೀ ಬ್ರಿಟಿಷ್ ಬಾವುಟ. ನೋಟದ ವ್ಯಾಪಾರದಲ್ಲಿ ಈಸ್ಟ್ ಕೌಸ್‌ನವರಿಗೇ ಲಾಭ.) ಕಾರು ತಂದು ದ್ವೀಪವೆಲ್ಲ ಸುತ್ತುವ ಕುಟುಂಬಕ್ಕೆ ಈ ದಡ ಸರಿ. ರಾತ್ರಿ ಊಟಕ್ಕೆ, ಪಬ್ಬಿಗೆ ವೆಸ್ಟ್ ಕೌಸ್‌ಗೇ ಹೋಗಬೇಕು ಅನ್ನುವವರು ಮಾತ್ರ ಫ್ಲೋಟಿಂಗ್ ಬ್ರಿಜ್‌ನ ಕೊನೆಯ ಟ್ರಿಪ್ ಎಷ್ಟು ಹೊತ್ತಿಗೆ ಅಂತ ತಿಳಿದುಕೊಂಡು ಹೊರಡಬೇಕು.

ಮೂರನೆಯದು ಗರ್ನರ್ಡ್. ವೆಸ್ಟ್ ಕೌಸ್‌ನಿಂದ ದಂಡೆಯ ರಸ್ತೆ ಹಿಡಿದು ಪಶ್ಚಿಮಕ್ಕೆ ಅರ್ಧ ಗಂಟೆಯ ನಡಿಗೆ. ಬೆಣಚುಕಲ್ಲಿನ ತೀರ, ಸ್ನಾನಕ್ಕೆ ಇಳಿಯಲು ಈ ಮೂರರಲ್ಲಿ ಇದೇ ಮೇಲು. ವಾಯುವ್ಯಕ್ಕೆ ಮುಖ ಮಾಡಿರುವುದರಿಂದ ಬೇಸಿಗೆಯ ಸೂರ್ಯಾಸ್ತ ನೀರಿನ ಮೇಲೇ ಆಗುತ್ತದೆ. ಅಂಗಡಿ ಕಡಿಮೆ. ಸಣ್ಣ ಡಿಂಗಿ ದೋಣಿ, ಪ್ಯಾಡಲ್ ಬೋರ್ಡ್ ಜೊತೆಗೆ ತರುವವರಿಗೆ ಹೇಳಿ ಮಾಡಿಸಿದ ಜಾಗ.

ಕಾರಿನ ಜೊತೆಗೋ, ಕಾರಿಲ್ಲದೆಯೋ

ಕಾರು ಫೆರಿ ಸೌತಾಂಪ್ಟನ್‌ನಿಂದ ಈಸ್ಟ್ ಕೌಸ್‌ಗೆ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ರೆಡ್ ಜೆಟ್ ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ. ಕಾರು ಫೆರಿಯ ದರ ವಿಮಾನದ ಟಿಕೆಟ್ಟಿನಂತೆ ದಿನಕ್ಕೊಂದು, ಹೊತ್ತಿಗೊಂದು. ಶಾಲಾ ರಜೆಯ ಶನಿವಾರ ಮಧ್ಯಾಹ್ನದ್ದು ಎಲ್ಲಕ್ಕಿಂತ ದುಬಾರಿ, ಯಾಕೆಂದರೆ ಬಾಡಿಗೆ ಮನೆಗಳಲ್ಲಿ ಬಹುಪಾಲು ಶನಿವಾರದಿಂದ ಶನಿವಾರಕ್ಕೇ ಕೊಡುವುದು, ಎಲ್ಲರೂ ಒಂದೇ ಹೊತ್ತಿಗೆ ದಾಟುತ್ತಾರೆ. ಶುಕ್ರವಾರ ಅಥವಾ ಸೋಮವಾರ ಶುರುವಾಗುವ ಮನೆ ಸಿಕ್ಕರೆ ಬಾಡಿಗೆ ಅಷ್ಟೇ ಇದ್ದರೂ ಒಟ್ಟು ಖರ್ಚು ಇಳಿಯುತ್ತದೆ. ಹಾಗಾಗಿ ಎರಡು ಮನೆಗಳ ಬಾಡಿಗೆ ಹೋಲಿಸುವಾಗ ಆಯಾ ದಿನದ ಫೆರಿ ದರ ಕೂಡಿಸಿಯೇ ಹೋಲಿಸಿ. ಮನೆಯ ಮಾಲೀಕರ ಹತ್ತಿರ ಅಥವಾ ಏಜೆನ್ಸಿಯಲ್ಲಿ ಫೆರಿಯ ರಿಯಾಯಿತಿ ಕೋಡ್ ಇರುವುದು ಸಾಮಾನ್ಯ, ನೀವಾಗಿ ಕೇಳದಿದ್ದರೆ ಕೆಲವರು ಹೇಳುವುದಿಲ್ಲ. ದರವು ವಾಹನದ ಅಳತೆಯನ್ನೂ ಅವಲಂಬಿಸಿದೆ. ಮೇಲೆ ಸಾಮಾನಿನ ಪೆಟ್ಟಿಗೆ, ಸೈಕಲ್ ಸ್ಟ್ಯಾಂಡ್, ಹಿಂದೆ ದೋಣಿಯ ಟ್ರೇಲರ್ ಇದ್ದರೆ ಅವನ್ನೂ ಸೇರಿಸಿ ಅಳೆದು ಬುಕ್ ಮಾಡಿ.

ಈಸ್ಟ್ ಕೌಸ್‌ಗೆ ಟಿಕೆಟ್ ಸಿಗದಿದ್ದರೆ ಅಥವಾ ತುಟ್ಟಿಯಾದರೆ ವೈಟ್‌ಲಿಂಕ್‌ನ ಪೋರ್ಟ್ಸ್‌ಮತ್–ಫಿಶ್‌ಬೋರ್ನ್ ಫೆರಿ ನೋಡಿ, ಸುಮಾರು 45 ನಿಮಿಷ. ಫಿಶ್‌ಬೋರ್ನ್‌ನಿಂದ ಈಸ್ಟ್ ಕೌಸ್ ಹತ್ತಿರ. ವೆಸ್ಟ್ ಕೌಸ್‌ಗಾದರೆ ನ್ಯೂಪೋರ್ಟ್ ಮೇಲೆ ಹೋಗಬೇಕು. ಲಂಡನ್ ಕಡೆಯಿಂದ ಬರುವವರಿಗೆ ಈ ದಾರಿ ಎಷ್ಟೋ ಸಲ ಲಾಭದ್ದೇ.

ಕಾರಿಲ್ಲದೆ ಬರುವವರಿಗೆ ವೆಸ್ಟ್ ಕೌಸ್ ಒಂದೇ ಸರಿಯಾದ ಉತ್ತರ. ಸೌತಾಂಪ್ಟನ್ ಸೆಂಟ್ರಲ್ ರೈಲು ನಿಲ್ದಾಣದಿಂದ ಬಂದರಿಗೆ ಬಸ್ಸಿದೆ, ರೆಡ್ ಜೆಟ್ ಇಳಿದರೆ ಊರಿನ ನಡುವೆಯೇ ಇರುತ್ತೀರಿ, ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಮನೆ ಸೇರಬಹುದು. ಸದರ್ನ್ ವೆಕ್ಟಿಸ್‌ನ 1ನೇ ನಂಬರ್ ಬಸ್ ಹಗಲಲ್ಲಿ ಮೇಲಿಂದ ಮೇಲೆ ನ್ಯೂಪೋರ್ಟ್‌ಗೆ ಓಡುತ್ತದೆ. ದ್ವೀಪದ ಉಳಿದೆಲ್ಲ ಕಡೆಗೂ ನ್ಯೂಪೋರ್ಟ್‌ನಲ್ಲೇ ಬಸ್ ಬದಲಾಯಿಸುವುದು. ನಾಲ್ಕು ದಿನಕ್ಕಿಂತ ಹೆಚ್ಚು ಓಡಾಡುವವರು ವಾರದ ಪಾಸ್ ತೆಗೆದುಕೊಳ್ಳುವುದು ಮೇಲು. ಸೈಕಲ್ ತುಳಿಯುವವರಿಗೆ ಇನ್ನೂ ಸುಖ. 1966ರಲ್ಲಿ ಮುಚ್ಚಿದ ರೈಲು ಹಳಿಯ ಜಾಡಿನಲ್ಲೇ ಕೌಸ್‌ನಿಂದ ನ್ಯೂಪೋರ್ಟ್‌ಗೆ ನದಿಯ ಪಕ್ಕ ಸಮತಟ್ಟಾದ ಸೈಕಲ್ ದಾರಿಯಿದೆ, ಸುಮಾರು ನಾಲ್ಕು ಮೈಲಿ.

ವೆಸ್ಟ್ ಕೌಸ್‌ಗೆ ಕಾರು ತಂದೇ ತರುತ್ತೇವೆ ಅನ್ನುವವರು "ಪಾರ್ಕಿಂಗ್ ಇದೆ" ಅನ್ನುವ ಮಾತನ್ನು ಬಿಡಿಸಿ ಕೇಳಿ. ಮನೆಗೇ ಸೇರಿದ ಜಾಗವೋ, ಬೀದಿಯ ಪರ್ಮಿಟ್ಟೋ, ಅಥವಾ ಹತ್ತಿರದಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಜಾಗವಿದೆ ಅಂತಷ್ಟೇ ಅರ್ಥವೋ? ಪರ್ಮಿಟ್ ಇದ್ದರೂ ಆಗಸ್ಟ್‌ನಲ್ಲಿ ಖಾಲಿ ಜಾಗ ಸಿಗುವ ಖಾತರಿಯಿಲ್ಲ.

ವಾರ ಆರಿಸುವುದು

ಕೌಸ್ ವೀಕ್ ರೆಗಟ್ಟಾ, ಅಂದರೆ ಹಾಯಿದೋಣಿ ರೇಸುಗಳ ವಾರ, 1826ರಿಂದ ನಡೆದುಬಂದಿದೆ. ಸಾಮಾನ್ಯವಾಗಿ ಆಗಸ್ಟ್ ತಿಂಗಳ ಆರಂಭದಲ್ಲಿ. ಆ ವಾರ ಊರಿನವರೇ ಮನೆ ಖಾಲಿ ಮಾಡಿ ಬಾಡಿಗೆಗೆ ಕೊಟ್ಟು ಹೊರಟುಬಿಡುತ್ತಾರೆ. ಅಂಥ ಮನೆಗಳಲ್ಲಿ ಅಡುಗೆಮನೆ ಚೆನ್ನಾಗಿರುತ್ತದೆ, ಆದರೆ ಕಪಾಟು ತುಂಬ ಅವರದ್ದೇ ಸಾಮಾನು. ಬಾಡಿಗೆ ವರ್ಷದಲ್ಲೇ ಅತಿ ಹೆಚ್ಚು, ಪೂರ್ತಿ ವಾರಕ್ಕಲ್ಲದೆ ಕೊಡುವುದಿಲ್ಲ, ಒಳ್ಳೆಯವು ತಿಂಗಳುಗಟ್ಟಲೆ ಮೊದಲೇ ಹೋಗಿರುತ್ತವೆ. ರೇಸ್ ನೋಡುವುದೇ ಉದ್ದೇಶವಾದರೆ ಇದಕ್ಕೆ ಬದಲಿಲ್ಲ. ಬರೀ ಸಮುದ್ರ, ನಡಿಗೆ, ಓದು ಬೇಕಾದವರು ಈ ವಾರ ಹತ್ತಿರವೂ ಸುಳಿಯಬಾರದು.

ರೌಂಡ್ ದಿ ಐಲ್ಯಾಂಡ್ ರೇಸ್ ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ. 1931ರಲ್ಲಿ 25 ದೋಣಿಗಳಿಂದ ಶುರುವಾದದ್ದು. ಒಂದೇ ದಿನ, ಸುಮಾರು 50 ನಾಟಿಕಲ್ ಮೈಲಿ, ಸಾಮಾನ್ಯವಾಗಿ ಜೂನ್‌ನ ಆಸುಪಾಸು. ಕೌಸ್‌ನಿಂದ ಪಶ್ಚಿಮಕ್ಕೆ ಹೊರಟು ದ್ವೀಪ ಸುತ್ತಿ ಅಲ್ಲಿಗೇ ಬರುತ್ತಾರೆ. ಪಶ್ಚಿಮಕ್ಕೆ ಎಳೆಯುವ ಸೆಳೆತ ಹಿಡಿಯಬೇಕಾದ್ದರಿಂದ ಹೊರಡುವ ಹೊತ್ತು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಕೆಲವೊಮ್ಮೆ ತೀರಾ ನಸುಕಿನಲ್ಲಿ. ಎರಡು ಮೂರು ರಾತ್ರಿಗೆ ಮನೆ ಸಿಕ್ಕರೂ ಸಾಕು. ಜೂನ್‌ನಲ್ಲೇ ನ್ಯೂಪೋರ್ಟ್‌ನಲ್ಲಿ ಐಲ್ ಆಫ್ ವೈಟ್ ಸಂಗೀತೋತ್ಸವವೂ ಇರುತ್ತದೆ. ಆ ವಾರಾಂತ್ಯದ ಫೆರಿಗಳು ಟೆಂಟಿನವರಿಂದ ತುಂಬಿರುತ್ತವೆ, ದಿನಾಂಕ ನೋಡಿಕೊಂಡು ತಪ್ಪಿಸಿ. ಇದ್ಯಾವುದೂ ಬೇಡವಾದರೆ ಸೆಪ್ಟೆಂಬರ್: ಶಾಲೆ ಶುರುವಾಗಿ ದರ ಇಳಿದಿರುತ್ತದೆ, ಸಮುದ್ರದ ನೀರು ಮಾತ್ರ ಜೂನ್‌ಗಿಂತ ಬೆಚ್ಚಗಿರುತ್ತದೆ.

ಫೋಟೊದಲ್ಲಿ ಕಾಣದ್ದು

ಬಿಸಿನೀರಿನಿಂದ ಶುರು ಮಾಡೋಣ, ಯಾಕೆಂದರೆ ಕಡಲೂರಿನ ಬಾಡಿಗೆ ಮನೆಗಳಲ್ಲಿ ಜಗಳ ಹುಟ್ಟುವುದು ಅಲ್ಲೇ. ದೋಣಿಯಿಂದ, ಸಮುದ್ರದಿಂದ ಎಲ್ಲರೂ ಒಟ್ಟಿಗೆ ವಾಪಸ್ ಬರುತ್ತಾರೆ, ಒಟ್ಟಿಗೇ ಸ್ನಾನ ಬೇಕು. ಹಳೆಯ ಮನೆಯಲ್ಲಿ ನೀರು ಕಾಯಿಸಿಡುವ 150 ಲೀಟರಿನ ಸಿಲಿಂಡರ್ ಇದೆ ಅಂದುಕೊಳ್ಳಿ. 60 ಡಿಗ್ರಿಗೆ ಕಾದ ಆ ನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ಸ್ನಾನದ ನೀರು ಸುಮಾರು 250 ಲೀಟರ್ ಸಿಗುತ್ತದೆ. ನಿಮಿಷಕ್ಕೆ 10 ಲೀಟರ್ ಹರಿಯುವ ಶವರ್‌ನಲ್ಲಿ ಒಬ್ಬೊಬ್ಬರು ಆರು ನಿಮಿಷ ನಿಂತರೆ ನಾಲ್ಕು ಜನಕ್ಕೆ ಮುಗಿಯಿತು. ಐದನೆಯವರು 3 ಕಿಲೋವ್ಯಾಟ್ ಹೀಟರ್ ಮತ್ತೆ ಕಾಯಿಸುವ ತನಕ ಮೂರು ಗಂಟೆಯ ಹತ್ತಿರ ಕಾಯಬೇಕು. ಕಾಂಬಿ ಬಾಯ್ಲರ್ ಅಥವಾ ಎಲೆಕ್ಟ್ರಿಕ್ ಶವರ್ ಇದ್ದರೆ ಈ ತೊಂದರೆಯಿಲ್ಲ, ಬೇಕಾದಾಗ ಬೇಕಾದಷ್ಟು ಕಾಯಿಸಿ ಕೊಡುತ್ತವೆ. ಆರು ಜನರ ಮನೆ ನೋಡುವಾಗ "ಬಿಸಿನೀರು ಹೇಗೆ ಬರುತ್ತದೆ?" ಅನ್ನುವ ಒಂದು ಪ್ರಶ್ನೆ ಕಳಿಸಿ.

ಎರಡನೆಯದು ಒದ್ದೆ ಬಟ್ಟೆ. ವೆಟ್‌ಸೂಟ್ (ತಣ್ಣೀರಿಗಿಳಿಯುವಾಗ ತೊಡುವ ರಬ್ಬರಿನಂಥ ಉಡುಪು), ದೋಣಿಯ ಜಾಕೆಟ್, ಬೂಟು ಸಿಹಿನೀರಿನಲ್ಲಿ ತೊಳೆಯದೆ ಒಣಗುವುದೇ ಇಲ್ಲ. ಉಪ್ಪು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಒಣಗಿತು ಅಂದುಕೊಂಡದ್ದು ಬೆಳಿಗ್ಗೆ ಮತ್ತೆ ಜಿಗುಟಾಗಿರುತ್ತದೆ. ಹೊರಗೆ ಒಂದು ನಲ್ಲಿ, ಪೈಪು, ತೂಗುಹಾಕಲು ಕಂಬಿ ಇರುವ ಮನೆ ಚಿಕ್ಕದಾದರೂ ಸರಿ, ಎರಡನೇ ಮಹಡಿಯ ಹೊಳೆಯುವ ಫ್ಲ್ಯಾಟಿಗಿಂತ ವಾಸಿ. ಫ್ಲ್ಯಾಟಿನಲ್ಲಿ ಸ್ನಾನದ ತೊಟ್ಟಿಯೇ ಬಟ್ಟೆ ಒಣಗಿಸುವ ಕೋಣೆಯಾಗುತ್ತದೆ. ಒಂದೇ ಯಂತ್ರದಲ್ಲಿ ಒಗೆತ, ಒಣಗಿಕೆ ಎರಡೂ ಮಾಡುವ ವಾಷರ್ ಡ್ರೈಯರ್ ಒಮ್ಮೆಗೆ ಒಣಗಿಸುವುದು ಒಗೆಯುವುದರ ಅರ್ಧ ಬಟ್ಟೆ, ಅದಕ್ಕೂ ಗಂಟೆಗಟ್ಟಲೆ ಬೇಕು. ವೆಟ್‌ಸೂಟನ್ನಂತೂ ಅದರೊಳಗೆ ಹಾಕಲೇಬಾರದು.

"ಆರು ಜನಕ್ಕೆ" ಅಂದರೆ ಎಷ್ಟೋ ಕಡೆ ನಾಲ್ಕು ಜನಕ್ಕೆ ಹಾಸಿಗೆ, ಇಬ್ಬರಿಗೆ ಸೋಫಾ. ಊಟದ ಮೇಜಿನ ಸುತ್ತ ಎಷ್ಟು ಕುರ್ಚಿ ಅಂತ ಫೋಟೊದಲ್ಲಿ ಎಣಿಸಿದರೆ ನಿಜ ತಿಳಿಯುತ್ತದೆ. ಪಾತ್ರೆಗಳೂ ಹಾಗೇ: ತಟ್ಟೆ ಎಂಟು, ದೊಡ್ಡ ಪಾತ್ರೆ ಒಂದೂ ಇಲ್ಲ. ಐದು ಲೀಟರಿಗಿಂತ ದೊಡ್ಡ ಪಾತ್ರೆ, ಹರಿತ ಚಾಕು ಇವೆಯೇ ಅಂತ ಕೇಳಿ, ಚಾಕು ಮನೆಯಿಂದಲೇ ಒಯ್ದರೆ ಇನ್ನೂ ಒಳ್ಳೆಯದು. ಒಲೆ ಇಂಡಕ್ಷನ್ ಆದರೆ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಕೆಲಸಕ್ಕೆ ಬರುವುದಿಲ್ಲ. ಹಾಸಿಗೆಯ ಬಟ್ಟೆ ಸಾಮಾನ್ಯವಾಗಿ ಕೊಡುತ್ತಾರೆ, ಟವೆಲ್ ಕೊಡುವುದು ಬಿಡುವುದು ಅವರವರ ಇಷ್ಟ, ಸಮುದ್ರಕ್ಕೆ ಒಯ್ಯುವ ಟವೆಲ್ ನಿಮ್ಮದೇ. ಮುಂಗಡ ಕೊಟ್ಟ ಮೇಲೆ ಉಳಿದ ಬಾಡಿಗೆಯನ್ನು ಹೊರಡುವ ಆರರಿಂದ ಎಂಟು ವಾರ ಮೊದಲು ಕಟ್ಟುವುದು ರೂಢಿ. ಕಟ್ಟಿದ ಮೇಲೆ ಬರಲಾಗದಿದ್ದರೆ ಹಣ ವಾಪಸ್ ಸಿಗುವುದು ಅಪರೂಪ.

ಅಡುಗೆ ಸಾಮಾನು

ದೊಡ್ಡ ಖರೀದಿಗೆ ನ್ಯೂಪೋರ್ಟ್‌ನ ಸೂಪರ್ ಮಾರ್ಕೆಟ್‌ಗಳಿವೆ, ಈಸ್ಟ್ ಕೌಸ್‌ನವರಿಗೆ ವೇಟ್‌ರೋಸ್ ಸಾಕು. ಕಾರಿಲ್ಲದವರು ತಲುಪುವ ಸಂಜೆಗೇ ಮನೆಗೆ ತರಿಸಿಕೊಳ್ಳಬಹುದು. ಮನೆಯ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೆ, ಫೆರಿ ತಡವಾದರೆ ಇನ್ನೂ ಆಚೆ, ಆದ್ದರಿಂದ ಆರರ ನಂತರದ ಸಮಯವನ್ನೇ ಹಿಡಿಯಿರಿ. ಎಣ್ಣೆ, ಉಪ್ಪು, ಕಾಫಿ, ಮಸಾಲೆ ಬಿಟ್ಟು ಉಳಿದದ್ದನ್ನು ಊರಿಂದ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಆರಟನ್ ಕಣಿವೆಯ ಟೊಮೆಟೊ, ನ್ಯೂಚರ್ಚ್ ಹತ್ತಿರದ ಗಾರ್ಲಿಕ್ ಫಾರ್ಮ್‌ನ ಬೆಳ್ಳುಳ್ಳಿ, ಬೇಸಿಗೆಯಲ್ಲಿ ಸ್ಥಳೀಯ ಏಡಿ ಎಲ್ಲ ದ್ವೀಪದಲ್ಲೇ ಸಿಗುತ್ತವೆ. ಹಸಿ ಏಡಿ ಬೇಯಿಸುವ ಮನಸ್ಸಿದ್ದರೆ ಆ ಐದು ಲೀಟರಿನ ಪಾತ್ರೆ ಬೇಕೇ ಬೇಕು: ಲೀಟರಿಗೆ 35 ಗ್ರಾಂ ಉಪ್ಪು ಹಾಕಿ ಕುದಿಸಿದ ನೀರಿನಲ್ಲಿ, ಒಂದು ಕಿಲೋ ತೂಕದ್ದಕ್ಕೆ ಸುಮಾರು ಹದಿನೈದು ನಿಮಿಷ. ಉಪ್ಪು ಕಡಿಮೆಯಾದರೆ ಮಾಂಸ ಸಪ್ಪೆಯಾಗಿ ನೀರು ನೀರಾಗುತ್ತದೆ.

ನೀರಿಗಿಳಿಯುವವರಿಗೆ

ಸೋಲೆಂಟ್‌ನ ಉಬ್ಬರ ಬೇರೆ ಕಡೆಯಂತಲ್ಲ. ತುಂಬಿದ ನೀರು ಸುಮಾರು ಎರಡು ಗಂಟೆ ಹಾಗೇ ನಿಲ್ಲುತ್ತದೆ, ಆಮೇಲೆ ಉಳಿದ ಕಡಿಮೆ ಹೊತ್ತಿನಲ್ಲಿ ಒಮ್ಮೆಲೇ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಮೂರು ಮೀಟರಿಗೂ ಹೆಚ್ಚು ನೀರು ಹೀಗೆ ಹೊರಗೆ ಹೋಗಬೇಕು, ಅದಕ್ಕೇ ಇಳಿತದ ಸೆಳೆತ ಜೋರು. ಈಜಲು, ಪ್ಯಾಡಲ್ ಬೋರ್ಡಿಗೆ ನೀರು ತುಂಬಿ ನಿಂತ ಹೊತ್ತೇ ಸರಿ. ದಂಡೆಯ ಹತ್ತಿರ ಶಾಂತವಾಗಿ ಕಂಡರೂ ನೂರು ಮೀಟರ್ ಆಚೆ ಸೆಳೆತ ಪಶ್ಚಿಮಕ್ಕೆ ಎಳೆದೊಯ್ಯುತ್ತದೆ. ಉಬ್ಬರದ ಪಟ್ಟಿ ಜಿಎಂಟಿಯಲ್ಲಿ (ಗ್ರೀನಿಚ್ ಸಮಯ) ಅಚ್ಚಾಗಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿ, ಆಗ ಇಲ್ಲಿನ ಗಡಿಯಾರ ಅಷ್ಟು ಮುಂದಿರುತ್ತದೆ. ಇದನ್ನು ಮರೆತವರೇ ಜಾಸ್ತಿ.

ಸೌತಾಂಪ್ಟನ್‌ಗೆ ಹೋಗುವ ಕಂಟೇನರ್ ಹಡಗುಗಳು ಕೌಸ್‌ನ ಎದುರಿಗೇ ತಿರುವು ತೆಗೆದುಕೊಳ್ಳುತ್ತವೆ. 150 ಮೀಟರಿಗಿಂತ ಉದ್ದದ ಹಡಗಿನ ಮುಂದೆ 1000 ಮೀಟರ್, ಎರಡೂ ಪಕ್ಕ 100 ಮೀಟರ್ ಒಳಗೆ ಸಣ್ಣ ದೋಣಿಗಳಿಗೆ ಪ್ರವೇಶವಿಲ್ಲ. ಬಾಡಿಗೆ ದೋಣಿ, ಕಯಾಕ್ ತೆಗೆದುಕೊಂಡವರಿಗೂ ಇದು ಅನ್ವಯ. ಹಡಗು ದಾಟಿ ಹೋದ ಸ್ವಲ್ಪ ಹೊತ್ತಿಗೆ, ಎಲ್ಲರೂ ಅದನ್ನು ಮರೆತ ಮೇಲೆ, ಅದರ ಅಲೆ ದಂಡೆಗೆ ಬರುತ್ತದೆ. ಮೆಟ್ಟಿಲ ಮೇಲೆ ಕೂತ ಮಕ್ಕಳ ಮೇಲೆ ಆಗ ಕಣ್ಣಿರಲಿ.

ಕೌಸ್ ಬೇಡವಾದಾಗ

ಹತ್ತು ವರ್ಷದೊಳಗಿನ ಮಕ್ಕಳಿಗೆ ಬಕೆಟ್, ಸಲಿಕೆ, ಮರಳು ಬೇಕೆಂದರೆ ಕೌಸ್ ತಪ್ಪು ಊರು, ಇಲ್ಲಿರುವುದು ಬರೀ ಬೆಣಚುಕಲ್ಲು. ರೈಡ್, ಸ್ಯಾಂಡೌನ್, ಶಾಂಕ್ಲಿನ್‌ನಲ್ಲಿ ಮನೆ ನೋಡಿ. ಪೋರ್ಟ್ಸ್‌ಮತ್ ಹಾರ್ಬರ್ ರೈಲು ನಿಲ್ದಾಣದ ಪಕ್ಕದಿಂದಲೇ ಹೊರಡುವ ಕ್ಯಾಟಮರಾನ್ 22 ನಿಮಿಷಕ್ಕೆ ರೈಡ್ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ) ಮುಟ್ಟುತ್ತದೆ, ಅಲ್ಲಿಂದ ಶಾಂಕ್ಲಿನ್‌ವರೆಗೆ ದ್ವೀಪದ ರೈಲಿದೆ. ಸೌತ್‌ಸೀಯಿಂದ ರೈಡ್‌ಗೆ ಹೋವರ್‌ಕ್ರಾಫ್ಟ್ ಹತ್ತೇ ನಿಮಿಷ, ಆದರೆ ಸಮುದ್ರ ಒರಟಾದರೆ ಮೊದಲು ನಿಲ್ಲುವುದೂ ಅದೇ.

ದೋಣಿಗಳೂ ಬೇಕು, ಗದ್ದಲ ಬೇಡ ಅನ್ನುವವರಿಗೆ ಯಾರ್ಮತ್. ಊರಿನ ಈ ತುದಿಯಿಂದ ಆ ತುದಿಗೆ ಐದು ನಿಮಿಷ. ಎಂಟನೇ ಹೆನ್ರಿಯ ಕಾಲದ ಕೋಟೆ, 1876ರ ಮರದ ಪಿಯರ್, ಬೇಸಿಗೆಯ ವಾರಾಂತ್ಯಗಳಲ್ಲಿ ಭರ್ತಿಯಾಗುವ ಬಂದರು. ಲಿಮಿಂಗ್ಟನ್‌ನಿಂದ ಫೆರಿ 40 ನಿಮಿಷ, ಲಿಮಿಂಗ್ಟನ್ ಪಿಯರ್ ರೈಲು ನಿಲ್ದಾಣ ಫೆರಿಗೆ ಅಂಟಿಕೊಂಡೇ ಇದೆ. ನೀಡಲ್ಸ್ ಬಂಡೆಗಳು, ಟೆನಿಸನ್ ಡೌನ್ ಗುಡ್ಡದ ಕಡೆ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ನೆಲೆಯಿಲ್ಲ. ಅಂಗಡಿ ಮಾತ್ರ ಕಡಿಮೆ, ವಾರದ ಸಾಮಾನಿಗೆ ಫ್ರೆಶ್‌ವಾಟರ್‌ಗೆ ಹೋಗಬೇಕು. ಪೂರ್ವದ ತುದಿಯ ಬೆಂಬ್ರಿಜ್‌ನಲ್ಲಿ ಬಂಡೆಗಳ ನಡುವಿನ ನೀರಿನ ಗುಂಡಿಗಳು, ರೆಡ್‌ವಿಂಗ್ ದೋಣಿಗಳ ಕೆಂಪು ಹಾಯಿ, ದ್ವೀಪದಲ್ಲಿ ಉಳಿದ ಒಂದೇ ಗಾಳಿಗಿರಣಿ ಎಲ್ಲ ಸಿಗುತ್ತವೆ. ಅಲ್ಲಿಗೆ ನೇರ ಫೆರಿಯಿಲ್ಲ, ರೈಡ್‌ನಿಂದ 8ನೇ ನಂಬರ್ ಬಸ್ ಅಥವಾ ಕಾರು. ಸ್ವಂತ ದೋಣಿಯಲ್ಲಿ ಬರುವವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು: ಇಳಿತದಲ್ಲಿ ಬೆಂಬ್ರಿಜ್ ಬಂದರಿನ ಬಹುಭಾಗ ಬತ್ತಿ ಮರಳಾಗುತ್ತದೆ, ಒಳಗೆ ಹೊರಗೆ ಹೋಗುವುದೇನಿದ್ದರೂ ಉಬ್ಬರದ ಹಿಂದುಮುಂದಿನ ಕೆಲವು ಗಂಟೆಗಳಲ್ಲಿ ಮಾತ್ರ.